ಎರಡು ಹೆಡಿಗೆ ಅಡಿಕೆ ಮತ್ತು ಸಾಧ್ಯತೆಯ ಲೆಕ್ಕ

ಹತ್ತನೇ ತರಗತಿಯ ಓಣಂ ಪರೀಕ್ಷೆಯ, ಅಂದರೆ ಓಣಂ ಹಬ್ಬದ ಸಮಯದ ಶಾಲಾ ಪರೀಕ್ಷೆಯ, ಗಣಿತ ಪೇಪರನ್ನು ಮಗಳು ತಂದು ಕೊಟ್ಟಾಗ ಒಂದು ಪುಟದ ಮೇಲೆ ನನ್ನ ಕಣ್ಣು ನಿಂತಿತು. ಬೇರೆ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಗುರುತು ಇತ್ತು, ಅಷ್ಟೇ. ಆ ಪುಟದಲ್ಲಿ ಮಾತ್ರ ಮೇಲಿಂದ ಕೆಳಗಿನ ತನಕ ಒಂದೇ ಉದ್ದ ಗೆರೆ. ಪ್ರಶ್ನೆ ಹೀಗಿತ್ತು: ಎರಡು ಪೆಟ್ಟಿಗೆಗಳಲ್ಲಿ ಕಪ್ಪು ಮಣಿ, ಬಿಳಿ ಮಣಿ ಇವೆ. ಒಂದೊಂದು ಪೆಟ್ಟಿಗೆಯಿಂದ ಒಂದೊಂದು ಮಣಿ ತೆಗೆದರೆ ಎರಡೂ ಕಪ್ಪಾಗಿರುವ ಸಾಧ್ಯತೆ ಎಷ್ಟು? ಅವಳು ಎರಡೂ ಪೆಟ್ಟಿಗೆಯ ಕಪ್ಪು ಮಣಿ ಕೂಡಿಸಿ ಮೇಲೆ ಬರೆದಿದ್ದಳು. ಇದ್ದ ಮಣಿಯನ್ನೆಲ್ಲ ಕೂಡಿಸಿ ಕೆಳಗೆ ಬರೆದಿದ್ದಳು.

"ಇದು ಎಂತಕ್ಕೆ ತಪ್ಪು ಅಮ್ಮ?" ಅಂತ ಕೇಳಿದಳು.

ನನಗೂ ಗೊತ್ತಾಗಲಿಲ್ಲ. ನೋಡಿದರೆ ಸರಿ ಅಂತಲೇ ಕಾಣುತ್ತಿತ್ತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ, ಎರಡು ದನ. ನಾನು ಹತ್ತನೇ ಪಾಸಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ನನಗೆ ನೆನಪಿರುವ ಗಣಿತದಲ್ಲಿ ಬಡ್ಡಿ ಲೆಕ್ಕ ಇದೆ, ತ್ರಿಭುಜ ಇದೆ, ಸಾಧ್ಯತೆ ಅನ್ನುವ ಪಾಠ ಇಲ್ಲ. ಹಾಗಾಗಿ ಅವಳಿಗೆ ಹೇಳಿಕೊಡುವ ಮಾತೇ ಇರಲಿಲ್ಲ. ಇಬ್ಬರೂ ಒಟ್ಟಿಗೆ ಕಲಿಯಬೇಕಾಯಿತು. ಆ ಅಕ್ಟೋಬರಿನಿಂದ ಫೆಬ್ರವರಿ ತನಕ ನಾವು ಹೇಗೆ ಕಲಿತೆವು ಅಂತ ಬರೆದಿಡಬೇಕು ಅನ್ನಿಸಿತು. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲ ತೊಡಕು ಭಾಷೆಯದ್ದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಓದುವುದು ಕೇರಳದ ಪಾಠ, ಆದರೆ ಕನ್ನಡದಲ್ಲಿ. ಪುಸ್ತಕವೇನೋ ಕನ್ನಡದಲ್ಲಿ ಬರುತ್ತದೆ. ಪಾಠ ಮಾಡುವವರಿಗೆ ಕನ್ನಡ ಬರಬೇಕಲ್ವಾ? ಆ ವರ್ಷ ಮಗಳ ತರಗತಿಗೆ ಗಣಿತಕ್ಕೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಗಣಿತ ಚೆನ್ನಾಗಿ ಗೊತ್ತಿದ್ದವರು. ಬೋರ್ಡಿನಲ್ಲಿ ಲೆಕ್ಕ ಮಾಡಿ ತೋರಿಸುತ್ತಿದ್ದರಂತೆ. ಆದರೆ ಸಮೀಕರಣ ಬಿಡಿಸುವ ಹಾಗೆ ಈ ಪಾಠವನ್ನು ಬರೀ ಅಂಕಿಯಲ್ಲಿ ತೋರಿಸಲು ಆಗುವುದಿಲ್ಲ. ಇಲ್ಲಿ ಪ್ರಶ್ನೆಯ ಒಂದೊಂದು ಮಾತೂ ಲೆಕ್ಕವೇ. 'ಎರಡೂ', 'ಒಂದು ಮಾತ್ರ', 'ಕನಿಷ್ಠ ಒಂದಾದರೂ', ಈ ಮೂರಕ್ಕೆ ಮೂರು ಬೇರೆ ಉತ್ತರ. ಆ ವ್ಯತ್ಯಾಸವನ್ನು ಮಗುವಿಗೆ ಅದರ ಭಾಷೆಯಲ್ಲಿ ಬಿಡಿಸಿ ಹೇಳುವವರು ಬೇಕು. ಇದು ಸಣ್ಣ ವಿಷಯ ಅಂತ ಯಾರೂ ತಿಳಿಯಬಾರದು. ಮಕ್ಕಳ ಮಾರ್ಕು ಹೋಗುವುದು ಇಂಥಲ್ಲೇ.

ಪುತ್ತೂರಿನಲ್ಲಿರುವ ನನ್ನ ಅಕ್ಕನ ಮಗನೂ ಆ ವರ್ಷ ಹತ್ತನೇ ತರಗತಿ. ಅವನದ್ದು ಕರ್ನಾಟಕದ ಸಿಲೆಬಸ್. ಅವನ ಹಳೇ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡೆ. ಅಲ್ಲಿ ಈ ಪಾಠಕ್ಕೆ 'ಸಂಭವನೀಯತೆ' ಅಂತ ಹೆಸರು. ನಮ್ಮಲ್ಲಿ 'ಸಾಧ್ಯತೆ'. ಮಗಳು ಎರಡು ದಿನ ಅದು ಬೇರೆ ಪಾಠ ಅಂತಲೇ ತಿಳಿದಿದ್ದಳು. ಎರಡೂ ಒಂದೇ ಅಂತ ನನಗೆ ಹೇಳಿದ್ದು ನಮ್ಮ ಮನೆಯ ಹತ್ತಿರದಲ್ಲೇ ಇರುವ ನಿವೃತ್ತ ಮಾಷ್ಟ್ರು. ನನಗೂ ಎಂಟನೆಯಲ್ಲಿ ಗಣಿತ ಕಲಿಸಿದವರು. "ಎಂತ ಮಗಾ, ಈಗ ನೀನು ಪುನಃ ಶಾಲೆಗೆ ಹೊರಟದ್ದಾ?" ಅಂದರು. ಹೌದು ಮಾಷ್ಟ್ರೇ ಅಂದೆ. ವಾರಕ್ಕೊಮ್ಮೆ ಹಾಲು ಕೊಡಲು ಹೋದಾಗ ಹತ್ತು ನಿಮಿಷ ಅವರ ಜಗಲಿಯಲ್ಲಿ ಕೂತು ಕೇಳಿಕೊಂಡು ಬರುತ್ತಿದ್ದೆ.

ಅವರು ಮೊದಲು ಹೇಳಿದ ಮಾತು ಇದು: "ಭಾಗಿಸುವುದು ಆಮೇಲೆ. ಮೊದಲು ಒಟ್ಟು ಏನೇನು ಆಗಬಹುದು ಅಂತ ಬರೆಸು. ಬಿಡದೆ ಬರೆಸು. ಅದರಲ್ಲಿ ನಮಗೆ ಬೇಕಾದ್ದು ಎಷ್ಟು ಅಂತ ಎಣಿಸಲಿ. ಮೇಲೆ ಬೇಕಾದ್ದು, ಕೆಳಗೆ ಒಟ್ಟು. ಪಾಠ ಅಷ್ಟೇ."

ಕೇಳಲು ಸುಲಭ. ಮನೆಗೆ ಬಂದು ಚೆನ್ನೆಮಣೆ ತೆಗೆದೆ. ಅತ್ತೆ ಆಟಿ ತಿಂಗಳಲ್ಲಿ ಆಡುವ ಮಣೆ ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಕಾಯಿಗಳಲ್ಲಿ ಹೆಚ್ಚಿನವು ಮಂಜಟ್ಟಿ ಅನ್ನುವ ಕೆಂಪು ಬೀಜ. ಕಳೆದುಹೋದವುಗಳ ಬದಲಿಗೆ ಅತ್ತೆ ಹುಣಸೆ ಬೀಜ ಸೇರಿಸಿದ್ದರು. ಎಣಿಸಿದರೆ 42 ಮಂಜಟ್ಟಿ, 14 ಹುಣಸೆ ಬೀಜ. ಎಲ್ಲವನ್ನೂ ಬಟ್ಟೆ ಚೀಲಕ್ಕೆ ಹಾಕಿ, ನೋಡದೆ ಒಂದು ತೆಗೆ ಅಂದೆ. ಹುಣಸೆ ಬೀಜ ಬರುವ ಸಾಧ್ಯತೆ 56ರಲ್ಲಿ 14, ಅಂದರೆ ನಾಲ್ಕರಲ್ಲಿ ಒಂದು. ಇದು ಅವಳಿಗೆ ಗೊತ್ತಿತ್ತು. ಮಂಜಟ್ಟಿ ಬರುವುದು ನಾಲ್ಕರಲ್ಲಿ ಮೂರು. ಎರಡೂ ಕೂಡಿದರೆ ಒಂದು. "ಹುಣಸೆ ಬೀಜ ಬಾರದಿರುವ ಸಾಧ್ಯತೆ ಎಷ್ಟು?" ಅಂತ ಕೇಳಿದೆ. ಪುನಃ ಎಣಿಸಲು ಹೊರಟಳು. ಒಂದರಿಂದ ಕಾಲು ಕಳೆದರೆ ಆಯಿತಲ್ವಾ ಅಂದೆ. ಅವಳ ಮುಖದಲ್ಲಿ ಒಂದು ಬೆಳಕು ಬಂತು. ಆ ಕಳೆಯುವ ದಾರಿ ಮುಂದೆ ನಮಗೆ ಬಹಳ ಕೆಲಸಕ್ಕೆ ಬಂತು.

ಅತ್ತೆಗೆ ಮಾತ್ರ ಕಾಯಿಗಳನ್ನು ಚೀಲಕ್ಕೆ ಹಾಕಿದ್ದು ಸರಿ ಕಾಣಲಿಲ್ಲ. ದಿನಾ ರಾತ್ರಿ ಎಣಿಸಿ ವಾಪಸು ಮಣೆಗೆ ತುಂಬಿಸಿಕೊಂಡರು.

ಒಂದು ಕಾಯಿ ತೆಗೆಯುವ ಲೆಕ್ಕ ಎಲ್ಲರಿಗೂ ಬರುತ್ತದೆ. ಎರಡು ವಿಷಯ ಒಟ್ಟಿಗೆ ಆಗುವಾಗಲೇ ಗಲಾಟೆ. ಅದು ನಾಣ್ಯದಲ್ಲೇ ಶುರುವಾಯಿತು. ಎರಡು ನಾಣ್ಯ ಒಟ್ಟಿಗೆ ಎಸೆದರೆ ಏನೇನು ಆಗಬಹುದು ಅಂತ ಬರಿ ಅಂದೆ. ಅವಳು ಮೂರು ಬರೆದಳು: ಎರಡೂ ಹೆಡ್, ಎರಡೂ ಟೇಲ್, ಒಂದು ಹೆಡ್ ಒಂದು ಟೇಲ್. ಹಾಗಾದರೆ ಒಂದು ಹೆಡ್ ಒಂದು ಟೇಲ್ ಬೀಳುವ ಸಾಧ್ಯತೆ ಮೂರರಲ್ಲಿ ಒಂದು ಅಂತ ಬರೆದಳು.

ಪುಸ್ತಕದ ಉತ್ತರ ನಾಲ್ಕರಲ್ಲಿ ಎರಡು, ಅಂದರೆ ಅರ್ಧ. ಅವಳು ಒಪ್ಪಲಿಲ್ಲ. ಆಗಬಹುದಾದ್ದು ಮೂರೇ ತಾನೇ, ನಾಲ್ಕನೆಯದು ಎಲ್ಲಿಂದ ಬಂತು ಅಂತ ಅವಳ ವಾದ. ನನಗೂ ಸರಿಯಾಗಿ ಬಿಡಿಸಿ ಹೇಳಲು ಬರಲಿಲ್ಲ. ಹಾಗಾದರೆ ಎಸೆದೇ ನೋಡುವ ಅಂತ ಕೂತೆವು. ಊಟ ಆದ ಮೇಲೆ, ಅಡುಗೆ ಕೋಣೆಯ ನೆಲದಲ್ಲಿ. ನಾನು ಎಸೆಯುವುದು, ಅವಳು ಗೆರೆ ಹಾಕುವುದು. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಹಾಕುವುದು, ತೆಂಗಿನಕಾಯಿ ಲೆಕ್ಕ ಹಾಕಿದ ಹಾಗೆ. ಒಂದು ನಾಣ್ಯ ಗ್ಯಾಸ್ ಸಿಲಿಂಡರಿನ ಹಿಂದೆ ಉರುಳಿತು, ಅದನ್ನು ಬಿಟ್ಟು ಪುನಃ ಎಸೆದೆವು. ನೂರು ಸಲ ಆಗುವಾಗ ಎರಡೂ ಹೆಡ್ 27, ಎರಡೂ ಟೇಲ್ 22, ಒಂದೊಂದು 51.

ಅವಳು ಆ ಕಾಗದವನ್ನು ಬಹಳ ಹೊತ್ತು ನೋಡಿದಳು. "ಇದು ಯಾಕೆ ಇಷ್ಟು ಜಾಸ್ತಿ?" ಅಂದಳು. ಪ್ರಶ್ನೆ ಈಗ ಅವಳದ್ದಾಯಿತು, ಪುಸ್ತಕದ್ದಲ್ಲ.

ಆಗ ನಾನು ಎರಡು ರೂಪಾಯಿಯ ಒಂದು ನಾಣ್ಯ, ಐದು ರೂಪಾಯಿಯ ಒಂದು ನಾಣ್ಯ ತೆಗೆದೆ. ಅದುವರೆಗೆ ಎರಡೂ ಎರಡು ರೂಪಾಯಿಯದ್ದೇ ಆಗಿತ್ತು, ಯಾವುದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಈಗ ಎಸೆದು ನೋಡು ಅಂದೆ. ಎರಡು ರೂಪಾಯಿ ಹೆಡ್, ಐದು ರೂಪಾಯಿ ಟೇಲ್ ಬಿತ್ತು. ಬರೆದಳು. ಸ್ವಲ್ಪ ಹೊತ್ತಿಗೆ ಎರಡು ರೂಪಾಯಿ ಟೇಲ್, ಐದು ರೂಪಾಯಿ ಹೆಡ್. ಬರೆಯಲು ಹೊರಟವಳು ನಿಂತಳು. "ಓ, ಇದು ಬೇರೆ!" ಅಂದಳು. ಒಂದೊಂದು ಬೀಳುವುದಕ್ಕೆ ಎರಡು ದಾರಿ, ಎರಡೂ ಹೆಡ್ ಬೀಳುವುದಕ್ಕೆ ಒಂದೇ ದಾರಿ. ಒಟ್ಟು ನಾಲ್ಕು. ಮೂರು ಬರೆದಾಗ ಆ ಮೂರೂ ಸಮಾನ ತೂಕದ್ದಲ್ಲ ಅಂತ ಅವಳಿಗೇ ಕಂಡಿತು.

ಈ ಕಥೆ ಕೇಳಿ ಮಾಷ್ಟ್ರಿಗೆ ಖುಷಿಯೋ ಖುಷಿ. ದಾಲಂಬೇರ್ ಅಂತ ಫ್ರಾನ್ಸಿನ ಬಹಳ ದೊಡ್ಡ ಗಣಿತಜ್ಞರು ಇದ್ದರು, ಅವರೂ ಇದೇ ಜಾಗದಲ್ಲಿ ಎಡವಿದ್ದರು ಅಂದರು. ಎರಡು ಸಲ ನಾಣ್ಯ ಎಸೆದರೆ ಒಮ್ಮೆಯಾದರೂ ಹೆಡ್ ಬೀಳುವ ಸಾಧ್ಯತೆ ಮೂರರಲ್ಲಿ ಎರಡು ಅಂತ 1754ರಲ್ಲಿ ವಿಶ್ವಕೋಶದಲ್ಲೇ ಬರೆದಿದ್ದರಂತೆ. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಮೊದಲ ಸಲವೇ ಹೆಡ್ ಬಿದ್ದರೆ ಎರಡನೇ ಸಲ ಎಸೆಯುವ ಅಗತ್ಯವೇ ಇಲ್ಲ, ಹಾಗಾಗಿ ಮೂರೇ ಬಗೆ ಅಂತ ಅವರ ವಾದ. ಮಗಳಿಗೆ ಹೇಳಿದೆ. ಅವತ್ತಿನಿಂದ ತಪ್ಪು ಮಾಡಿದರೆ ಅಳು ಮೋರೆ ಮಾಡುವುದು ಕಡಿಮೆಯಾಯಿತು. ಇನ್ನೂರು ಮುನ್ನೂರು ವರ್ಷ ಹಿಂದಿನ ದೊಡ್ಡವರಿಗೂ ಕಷ್ಟವಾದ ಜಾಗ ಇದು ಅಂತ ಗೊತ್ತಾದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಪಾಠ ಮಾಡುವಾಗ ಇಂಥದ್ದನ್ನೂ ಹೇಳಬೇಕು.

ಇನ್ನು ಅಡಿಕೆಯ ವಿಷಯ. ಇದು ನಮಗೆ ಬಹಳ ದಿನ ಹಿಡಿದ ಲೆಕ್ಕ, ಓಣಂ ಪೇಪರಿನ ಆ ಕೆಂಪು ಗೆರೆಯ ಲೆಕ್ಕ.

ಡಿಸೆಂಬರಿನಲ್ಲಿ ಹಳೇ ಅಡಿಕೆ ಮಾರಲು ತೆಗೆದಿದ್ದೆವು. ಸುಲಿದ ಅಡಿಕೆಯನ್ನು ಹೆಕ್ಕಿ ಬೇರೆ ಮಾಡಬೇಕು. ಒಳ್ಳೆಯದು ಒಂದು ಕಡೆ, ಪಟೋರ, ಕರಿಗೋಟು ಅನ್ನುವ ಕೆಳ ದರ್ಜೆಯವು ಬೇರೆ ಬೇರೆ ಕಡೆ. ಪಟೋರಕ್ಕೆ ರೇಟು ಕಡಿಮೆ. ರಾತ್ರಿ ಜಗಲಿಯಲ್ಲಿ ಕೂತು ಹೆಕ್ಕುವಾಗ ಅವಳೂ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ದಿನ ಪುಸ್ತಕ ಬದಿಗಿಡು ಅಂದೆ. ಎರಡು ಸಣ್ಣ ಹೆಡಿಗೆ ತೆಗೆದುಕೊಂಡೆ. ಒಂದರಲ್ಲಿ 30 ಅಡಿಕೆ ಎಣಿಸಿ ಹಾಕಿದೆ, ಅದರಲ್ಲಿ 6 ಪಟೋರ. ಇನ್ನೊಂದರಲ್ಲಿ 20, ಅದರಲ್ಲಿ 5 ಪಟೋರ. ಕಣ್ಣು ಮುಚ್ಚಿ ಒಂದೊಂದರಿಂದ ಒಂದೊಂದು ತೆಗೆದರೆ ಎರಡೂ ಪಟೋರ ಆಗುವ ಸಾಧ್ಯತೆ ಎಷ್ಟು?

"50ರಲ್ಲಿ 11," ಅಂದಳು. ಅದೇ ಹಳೇ ತಪ್ಪು.

ತಪ್ಪು ಅನ್ನಲಿಲ್ಲ. ಎರಡೂ ಹೆಡಿಗೆಯನ್ನು ಒಂದೇ ಕಡೆ ಸುರಿದೆ. "ಈಗ ಇದರಿಂದ ಒಂದು ಅಡಿಕೆ ತೆಗೆದರೆ ಅದು ಪಟೋರ ಆಗುವ ಸಾಧ್ಯತೆ ಎಷ್ಟು?" ಅಂತ ಕೇಳಿದೆ. ಅವಳು ಯೋಚಿಸಿ ಅದೇ 50ರಲ್ಲಿ 11 ಅಂದಳು. ಹಾಗಾದರೆ ಎರಡು ಬೇರೆ ಬೇರೆ ಪ್ರಶ್ನೆಗೆ ಒಂದೇ ಉತ್ತರ ಹೇಗೆ? ಮೊದಲಿನದ್ದರಲ್ಲಿ ಎರಡು ತೆಗೆಯುವುದು, ಇದರಲ್ಲಿ ಒಂದು ತೆಗೆಯುವುದು. ಸುಮ್ನೆ ಕೂತಳು. ನಾನೂ ಸುಮ್ನೆ ಹೆಕ್ಕುತ್ತಾ ಇದ್ದೆ.

ಆಮೇಲೆ ಲೆಕ್ಕವನ್ನು ಚಿಕ್ಕದು ಮಾಡಿದೆವು. ಇದು ಮಾಷ್ಟ್ರು ಹೇಳಿಕೊಟ್ಟ ಉಪಾಯ. ಸಂಖ್ಯೆ ದೊಡ್ಡದಾದರೆ ಕಣ್ಣಿಗೆ ಕಾಣುವುದಿಲ್ಲ, ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಸು ಅಂದಿದ್ದರು. ಮೂರು ಅಡಿಕೆ ಒಂದು ಕಡೆ, ಅದರಲ್ಲಿ ಒಂದು ಪಟೋರ. ಎರಡು ಅಡಿಕೆ ಇನ್ನೊಂದು ಕಡೆ, ಅದರಲ್ಲಿ ಒಂದು ಪಟೋರ. ಆಚೆ ಮೂರು, ಈಚೆ ಎರಡು ಸಾಲಾಗಿ ಇಟ್ಟೆವು. ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದಳು. ಆಚೆಯ ಒಂದೊಂದು ಅಡಿಕೆಯಿಂದ ಈಚೆಯ ಎರಡಕ್ಕೂ ಗೆರೆ. ಒಟ್ಟು ಆರು ಗೆರೆ. ಒಂದೊಂದು ಗೆರೆ ಒಂದೊಂದು ಜೋಡಿ. ಪಟೋರದಿಂದ ಪಟೋರಕ್ಕೆ ಹೋಗುವ ಗೆರೆ ಎಷ್ಟು? ಒಂದೇ ಒಂದು. ಹಾಗಾದರೆ ಉತ್ತರ ಆರರಲ್ಲಿ ಒಂದು. ಅವಳ ಹಳೇ ಲೆಕ್ಕದ ಪ್ರಕಾರ ಐದರಲ್ಲಿ ಎರಡು ಆಗಬೇಕಿತ್ತು. ನೆಲದ ಮೇಲಿನ ಗೆರೆ ಹಾಗೆ ಹೇಳುತ್ತಿರಲಿಲ್ಲ.

"ಅಮ್ಮ, ನಾನು ಅಡಿಕೆ ಎಣಿಸಿದ್ದು. ಜೋಡಿ ಎಣಿಸಬೇಕಿತ್ತು," ಅಂದಳು.

ಈ ಮಾತನ್ನು ಅವಳೇ ಹೇಳಿದ್ದು. ಇಡೀ ಪಾಠದಲ್ಲಿ ಇದಕ್ಕಿಂತ ದೊಡ್ಡ ಮಾತು ಇಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮತ್ತೆ 30 ಮತ್ತು 20ಕ್ಕೆ ಹೋದೆವು. ಗೆರೆ ಎಳೆಯಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಮೊದಲ ಹೆಡಿಗೆಯ ಒಂದೊಂದು ಅಡಿಕೆಗೂ ಎರಡನೇ ಹೆಡಿಗೆಯಲ್ಲಿ 20 ಜತೆ. 30 ಸಲ 20, ಒಟ್ಟು 600 ಜೋಡಿ. ಪಟೋರ ಪಟೋರ ಜೋಡಿ 6 ಸಲ 5, ಅಂದರೆ 30. ಉತ್ತರ 600ರಲ್ಲಿ 30, ಇಪ್ಪತ್ತರಲ್ಲಿ ಒಂದು. ಎರಡೂ ಒಳ್ಳೆಯದು: 24 ಸಲ 15, ಅಂದರೆ 360. ಒಂದು ಮಾತ್ರ ಪಟೋರ: ಇಲ್ಲಿ ಎರಡು ದಾರಿ ಇದೆ ಅಂತ ನಾಣ್ಯ ಕಲಿಸಿತ್ತು. ಆಚೆ ಪಟೋರ ಈಚೆ ಒಳ್ಳೆಯದು 90, ಆಚೆ ಒಳ್ಳೆಯದು ಈಚೆ ಪಟೋರ 120, ಒಟ್ಟು 210. ಮೂರನ್ನೂ ಕೂಡಿಸು ಅಂದೆ. 30, 360, 210. ಕೂಡಿಸಿದರೆ ಸರಿಯಾಗಿ 600 ಬಂತು. ಒಂದೂ ಬಿಟ್ಟು ಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಅವಳು ಹಾಗೆಯೇ ಅಂಗಳಕ್ಕೆ ಓಡಿ ಹೋಗಿ ಅಪ್ಪನಿಗೆ ಹೇಳಿ ಬಂದಳು. ಅವರು ಟಾರ್ಪಾಲು ಮುಚ್ಚುತ್ತಿದ್ದರು, ಮಂಜು ಬೀಳುವ ಸಮಯ.

'ಕನಿಷ್ಠ ಒಂದಾದರೂ ಪಟೋರ' ಅನ್ನುವುದಕ್ಕೆ ಅವಳು ಆ ರಾತ್ರಿಯೇ ಎರಡು ದಾರಿಯಲ್ಲಿ ಉತ್ತರ ತಂದಳು. ಒಮ್ಮೆ 30ಕ್ಕೆ 210 ಕೂಡಿಸಿ 240. ಇನ್ನೊಮ್ಮೆ 600ರಿಂದ ಎರಡೂ ಒಳ್ಳೆಯದಾದ 360 ಕಳೆದು 240. ಐದರಲ್ಲಿ ಎರಡು. ಕಳೆಯುವ ದಾರಿ ಬೇಗ ಆಗುತ್ತದೆ ಅಂದಳು. ಚೆನ್ನೆಕಾಯಿಯ ನೆನಪು.

ಅಂದಿನಿಂದ ಪ್ರಶ್ನೆ ಓದುವಾಗ 'ಎರಡೂ', 'ಮಾತ್ರ', 'ಕನಿಷ್ಠ', 'ಇಲ್ಲದಿರುವ' ಈ ನಾಲ್ಕು ಮಾತಿಗೆ ಪೆನ್ಸಿಲಿನಲ್ಲಿ ಅಡಿಗೆರೆ ಹಾಕುವುದು ಅಂತ ಮಾಡಿಕೊಂಡೆವು. ಕನ್ನಡದ ಮಾತನ್ನು ಕನ್ನಡದಲ್ಲೇ ಹಿಡಿಯಬೇಕು.

ಕ್ರಿಸ್ಮಸ್ ರಜೆಯಲ್ಲಿ ಬೇರೆ ಬಗೆಯ ಲೆಕ್ಕಗಳಿಗೆ ಹೋದೆವು. ಒಂದು ಎರಡಂಕಿಯ ಸಂಖ್ಯೆ ಹೇಳಲು ಹೇಳಿದರೆ ಅದರ ಎರಡೂ ಅಂಕಿ ಒಂದೇ ಆಗಿರುವ ಸಾಧ್ಯತೆ ಎಷ್ಟು? 11, 22 ಅಂತ 99ರ ತನಕ ಒಂಬತ್ತು. ಒಟ್ಟು ಎಷ್ಟು? ಅವಳು 99ರಿಂದ 10 ಕಳೆದು 89 ಬರೆದಳು. ಉತ್ತರ ಸುಲಭ ಭಿನ್ನರಾಶಿಗೆ ಬರಲೇ ಇಲ್ಲ, ಅಲ್ಲಿಗೆ ಅನುಮಾನ ಬಂತು. "ನಮ್ಮ ಊರ ಜಾತ್ರೆ 10ನೇ ತಾರೀಕಿನಿಂದ 12ರ ತನಕ. ಎಷ್ಟು ದಿನ?" ಅಂತ ಕೇಳಿದೆ. ಮೂರು ಅಂದಳು. 12ರಿಂದ 10 ಕಳೆದರೆ ಎರಡು ತಾನೇ? ಕೂಡಲೇ ತಿದ್ದಿದಳು. 90ರಲ್ಲಿ 9, ಹತ್ತರಲ್ಲಿ ಒಂದು. ಮೊದಲ ಅಂಕಿ ದೊಡ್ಡದಾಗಿರುವುದು 45, ಅಂದರೆ ಸರಿ ಅರ್ಧ. ಎರಡನೇ ಅಂಕಿ ದೊಡ್ಡದಾಗಿರುವುದು 36. ಸೊನ್ನೆ ಮೊದಲು ಬರುವಂತಿಲ್ಲ, ಹಾಗಾಗಿ ಎರಡೂ ಸಮ ಅಲ್ಲ. ಇದನ್ನು ಅವಳೇ ಕಂಡುಕೊಂಡಳು.

ಭಾನುವಾರದ ಲೆಕ್ಕ ಗೋಡೆಯ ಕ್ಯಾಲೆಂಡರ್ ನೋಡಿಯೇ ಆಯಿತು. 31 ದಿನದ ತಿಂಗಳಲ್ಲಿ ಐದು ಭಾನುವಾರ ಬರುವ ಸಾಧ್ಯತೆ ಏಳರಲ್ಲಿ ಮೂರು. ನಾಲ್ಕು ವಾರ ಕಳೆದು ಮೂರು ದಿನ ಉಳಿಯುತ್ತದೆ, ಆ ಮೂರರಲ್ಲಿ ಭಾನುವಾರ ಸೇರಬೇಕು. 30 ದಿನದ್ದಕ್ಕೆ ಏಳರಲ್ಲಿ ಎರಡು. ಅಷ್ಟೇ.

ಪುತ್ತೂರಿನ ಪ್ರಶ್ನೆಪತ್ರಿಕೆಗಳಲ್ಲಿ ಇಸ್ಪೀಟು ಎಲೆಯ ಲೆಕ್ಕ ಜಾಸ್ತಿ. ನಮ್ಮ ಮನೆಯಲ್ಲಿ ಇಸ್ಪೀಟು ಇಲ್ಲ, ಮಗಳು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡದ ವಸ್ತುವಿನ ಲೆಕ್ಕ ಮಾಡು ಅಂದರೆ ಮಗು ಎಲ್ಲಿಗೆ ಹೋಗಬೇಕು? ಅಂಗಡಿಯಿಂದ ಒಂದು ಕಟ್ಟು ತರಿಸಿ ನೆಲದಲ್ಲಿ ಹರಡಿ ತೋರಿಸಿದೆ. 52 ಎಲೆ, ನಾಲ್ಕು ಬಗೆ, ಬಗೆಗೆ 13. ರಾಜ, ರಾಣಿ, ಗುಲಾಮ ಸೇರಿ ಚಿತ್ರದ ಎಲೆ 12. ಕೆಂಪು 26, ಕಪ್ಪು 26. ಇಷ್ಟು ಗೊತ್ತಿದ್ದರೆ ಆ ಲೆಕ್ಕಗಳಲ್ಲಿ ಕಷ್ಟದ್ದು ಏನೂ ಇಲ್ಲ.

ದಾಳ ಹಾಗಲ್ಲ. ಎರಡು ದಾಳ ಉರುಳಿಸಿ ಮೊತ್ತ ನೋಡುವ ಲೆಕ್ಕದಲ್ಲಿ ಅವಳು ಪುನಃ ಹಳೇ ಗುಂಡಿಗೇ ಕಾಲಿಟ್ಟಳು. ಮೊತ್ತ 2ರಿಂದ 12ರ ತನಕ ಹನ್ನೊಂದು ಬಗೆ, ಹಾಗಾಗಿ 7 ಬರುವ ಸಾಧ್ಯತೆ 11ರಲ್ಲಿ 1 ಅಂತ ಬರೆದಳು. ಬರೆದು ಎರಡು ನಿಮಿಷ ಆಗಿಲ್ಲ, ತಾನೇ ಹೊಡೆದು ಹಾಕಿದಳು. "ಇದು ನಾಣ್ಯದ ಹಾಗೆಯೇ," ಅಂದಳು. ಲೂಡೋ ಡಬ್ಬಿಯಿಂದ ಒಂದು ಕೆಂಪು ದಾಳ, ಒಂದು ಬಿಳಿ ದಾಳ ತಂದಳು. ಆರು ಅಡ್ಡ ಸಾಲು, ಆರು ಉದ್ದ ಸಾಲು ಎಳೆದು 36 ಚೌಕ ಮಾಡಿದಳು. ಒಂದೊಂದರಲ್ಲಿ ಮೊತ್ತ ಬರೆದಳು. 7 ಅನ್ನುವುದು ಮೂಲೆಯಿಂದ ಮೂಲೆಗೆ ಓರೆಯಾಗಿ ಆರು ಚೌಕಗಳಲ್ಲಿ ಬಂತು. 2 ಒಂದೇ ಚೌಕ, 12 ಒಂದೇ ಚೌಕ. 72 ಸಲ ಉರುಳಿಸಿ ನೋಡಿದೆವು. ಲೆಕ್ಕದ ಪ್ರಕಾರ 7 ಹನ್ನೆರಡು ಸಲ, 2 ಎರಡು ಸಲ ಬರಬೇಕು. ನಮಗೆ 7 ಹದಿನಾಲ್ಕು ಸಲ, 2 ಒಂದು ಸಲ ಬಂತು.

"ಸರಿಯಾಗಿ ಹನ್ನೆರಡೇ ಯಾಕೆ ಬರಲಿಲ್ಲ?" ಅಂತ ಕೇಳಿದಳು. ಇದಕ್ಕೆ ನಾನು ಮಾಷ್ಟ್ರ ಹತ್ತಿರ ಕೇಳಿ ಬಂದು ಹೇಳಿದೆ. ದಾಳ ನಮ್ಮ ಲೆಕ್ಕ ಓದಿಕೊಂಡು ಉರುಳುವುದಿಲ್ಲ. ಆದರೆ ಉರುಳಿಸುವುದು ಹೆಚ್ಚಾದ ಹಾಗೆ, ನೂರಕ್ಕೆ ಇಷ್ಟು ಅನ್ನುವ ಪಾಲು ಲೆಕ್ಕದ ಹತ್ತಿರ ಹತ್ತಿರ ಬರುತ್ತದೆ. ಹಿಂದೆ ಏನು ಬಿತ್ತು ಅನ್ನುವುದು ದಾಳಕ್ಕೆ ನೆನಪಿರುವುದಿಲ್ಲ. ಐದು ಸಲ ಆರು ಬೀಳಲಿಲ್ಲ, ಈಗ ಬೀಳಲೇಬೇಕು ಅನ್ನುವ ಮಾತು ತಪ್ಪು. ಈ ಕೊನೆಯ ಮಾತು ಹತ್ತನೇ ತರಗತಿಯ ಮಕ್ಕಳಿಗೆ ಮಾತ್ರ ಅಲ್ಲ, ಲಾಟರಿ ಟಿಕೇಟು ತೆಗೆಯುವ ದೊಡ್ಡವರಿಗೂ ಗೊತ್ತಿರಬೇಕು. ನಮ್ಮ ಪೇಟೆಯಲ್ಲಿ ದಿನಗೂಲಿಯ ದುಡ್ಡು ಅಲ್ಲಿಗೆ ಹೋಗುವುದನ್ನು ನಾನು ನೋಡುತ್ತಿರುತ್ತೇನೆ.

ಕೇರಳದ ಪಾಠದಲ್ಲಿ ಆಕೃತಿಯ ಮೇಲೂ ಸಾಧ್ಯತೆಯ ಲೆಕ್ಕ ಬರುತ್ತದೆ. ಒಂದು ಚೌಕ, ಅದರೊಳಗೆ ನಾಲ್ಕೂ ಬದಿಗೆ ತಾಗುವ ವೃತ್ತ. ಕಣ್ಣು ಮುಚ್ಚಿ ಚೌಕದೊಳಗೆ ಒಂದು ಚುಕ್ಕೆ ಇಟ್ಟರೆ ಅದು ವೃತ್ತದೊಳಗೆ ಬೀಳುವ ಸಾಧ್ಯತೆ ಎಷ್ಟು? ಇಲ್ಲಿ ಎಣಿಸುವುದು ಹೇಗೆ, ಚುಕ್ಕೆಗೆ ಲೆಕ್ಕ ಇದೆಯಾ ಅಂತ ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಎಣಿಸಲು ಆಗದ ಕಡೆ ಅಳೆಯುವುದು. ವೃತ್ತದ ವಿಸ್ತೀರ್ಣ ಮೇಲೆ, ಚೌಕದ ವಿಸ್ತೀರ್ಣ ಕೆಳಗೆ.

ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ 28 ಸೆಂಟಿಮೀಟರಿನ ಚೌಕ ಮಾಡಿದೆವು. 14 ಸೆಂಟಿಮೀಟರ್ ದಾರ ಹಿಡಿದು ವೃತ್ತ ಬರೆದೆವು. ಚೌಕ 784, ವೃತ್ತ ಸುಮಾರು 616. ಭಾಗಿಸಿದರೆ 0.785ರ ಹತ್ತಿರ. ಒಂದು ಮುಷ್ಟಿ ಕುಚ್ಚಲಕ್ಕಿ ತೆಗೆದು ಮೇಲಿಂದ ಸ್ವಲ್ಪ ಸ್ವಲ್ಪವಾಗಿ ಉದುರಿಸಿದೆವು. ರಟ್ಟಿನ ಹೊರಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಗೆರೆಯ ಮೇಲೆಯೇ ಬಿದ್ದ ಕಾಳಿಗೆ, ಹೆಚ್ಚು ಭಾಗ ಯಾವ ಕಡೆಯೋ ಆ ಕಡೆಗೆ ಅಂತ ನಿಯಮ ಮಾಡಿಕೊಂಡೆವು. ಚೌಕದಲ್ಲಿ 200 ಕಾಳು ಆಗುವ ತನಕ ಹಾಕಿ ಎಣಿಸಿದರೆ ವೃತ್ತದಲ್ಲಿ 161. ಲೆಕ್ಕದ ಪ್ರಕಾರ 157. ಅಷ್ಟು ಹತ್ತಿರ ಬಂದದ್ದು ನೋಡಿ ನನಗೇ ಮೈ ಝುಮ್ ಅಂದಿತು. ಅಡುಗೆ ಕೋಣೆಯ ಅಕ್ಕಿಗೂ ಪುಸ್ತಕದ ಪೈಗೂ ಸಂಬಂಧ ಇದೆ ಅಂತ ನನಗೆ ಯಾರೂ ಯಾವತ್ತೂ ತೋರಿಸಿರಲಿಲ್ಲ.

ಫೆಬ್ರವರಿಯ ಮೋಡೆಲ್ ಪರೀಕ್ಷೆಗೆ ಮೊದಲು ಎರಡು ವಾರ ಬರೀ ಬರೆಯುವ ಅಭ್ಯಾಸ. ದಿನಕ್ಕೆ ಐದು ಲೆಕ್ಕ, ಜಾಸ್ತಿ ಬೇಡ. ಗಣಿತ ಪೇಪರ್ 80 ಮಾರ್ಕಿನದ್ದು, ಎರಡೂವರೆ ಗಂಟೆ. ಅದಕ್ಕೆ ಮೊದಲು ಪ್ರಶ್ನೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಆ ಹದಿನೈದು ನಿಮಿಷದಲ್ಲಿ ಸಾಧ್ಯತೆಯ ಪ್ರಶ್ನೆಯನ್ನು ಎರಡು ಸಲ ಓದು, ಒಟ್ಟು ಜೋಡಿ ಎಷ್ಟು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೋ ಅಂದಿದ್ದೆ. ಉತ್ತರ ಒಂದಕ್ಕಿಂತ ದೊಡ್ಡದು ಬಂದರೆ ಎಲ್ಲೋ ತಪ್ಪಾಗಿದೆ ಅಂತ ತಿಳಿ, ಹೊಡೆದು ಪುನಃ ಮಾಡು ಅಂದಿದ್ದೆ.

ಮಾರ್ಚಿನ ಪರೀಕ್ಷೆ ಮುಗಿಸಿ ಬಂದವಳು ಚೀಲ ಇಡುವ ಮೊದಲೇ ಹೇಳಿದ್ದು, "ಅಮ್ಮ, ಜೋಡಿಯ ಲೆಕ್ಕ ಬಂದಿತ್ತು. ಚೌಕ ಎಳೆದೇ ಮಾಡಿದೆ."

ಏಪ್ರಿಲಿನಲ್ಲಿ, ಫಲಿತಾಂಶ ಬರುವ ಮೊದಲು, ಮಾಷ್ಟ್ರು ಅವಳಿಗೆ ಒಂದು ಪ್ರಶ್ನೆ ಕೊಟ್ಟರು. ಸುಮಾರು 400 ವರ್ಷ ಹಿಂದೆ ಇಟಲಿಯ ವಿಜ್ಞಾನಿ ಗೆಲಿಲಿಯೊ ಬಿಡಿಸಿದ, ಜೂಜಿನ ದಾಳದ ಪ್ರಶ್ನೆ ಅದು. ಮೂರು ದಾಳ ಉರುಳಿಸಿದರೆ ಮೊತ್ತ 9 ಆಗಲು ಆರು ಬಗೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10 ಆಗಲೂ ಆರೇ ಬಗೆ. ಆದರೂ ಆಡುವವರ ಅನುಭವದಲ್ಲಿ 10 ಸ್ವಲ್ಪ ಹೆಚ್ಚು ಬೀಳುತ್ತಿತ್ತು. ಯಾಕೆ?

ಪರೀಕ್ಷೆ ಇಲ್ಲ, ಮಾರ್ಕು ಇಲ್ಲ. ಯಾರೂ ಮಾಡು ಅಂತ ಹೇಳಲಿಲ್ಲ. ಅವಳು ಹಳೇ ನೋಟ್ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಮೂರು ಬಣ್ಣದ ಪೆನ್ನು ಹಿಡಿದು, ಕೆಂಪು ದಾಳ, ನೀಲಿ ದಾಳ, ಹಸಿರು ದಾಳ ಅಂತ 216 ಸಾಲು ಬರೆದಳು. ಎರಡು ಮಧ್ಯಾಹ್ನ ಹಿಡಿಯಿತು. ಹೊರಗೆ ಸೆಕೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಎರಡನೇ ದಿನ ಸಂಜೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ನನ್ನ ಹತ್ತಿರ ಬಂದು ಪುಸ್ತಕ ಹಿಡಿದಳು.

"ಒಂಬತ್ತಕ್ಕೆ 25, ಹತ್ತಕ್ಕೆ 27. 3-3-3 ಒಂದೇ ದಾರಿಯಲ್ಲಿ ಬೀಳುವುದಮ್ಮ, ಅಲ್ಲೇ ಕಡಿಮೆಯಾದದ್ದು," ಅಂದಳು. ಮಾಷ್ಟ್ರಿಗೆ ಈಗಲೇ ತೋರಿಸಬೇಕು ಅಂತ ಹಾಲಿನ ಪಾತ್ರೆ ತಾನೇ ತೆಗೆದುಕೊಂಡು ಹೊರಟಳು.